ಮಾಮು ಕೊಟ್ಟ ತಪ್ಪು ಉತ್ತರ

ನಮ್ಮ ಮಾಮುವಿಗೆ ಪ್ರಶ್ನೆ ಕೇಳಲು ದೇಶವಿದೇಶದ ಎಂಜಿನಿಯರುಗಳು ಕಾದು ನಿಂತಿರುತ್ತಾರೆ. ಮನೆಯಲ್ಲಿ ಮಾತ್ರ "ಮೊಸರು ತರ್ತೀರಾ?" ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ! ಉತ್ಪ್ರೇಕ್ಷೆ ಎಂದುಕೊಂಡಿರಾ? ನೀವೇ ಒಮ್ಮೆ ಕೇಳಿ ನೋಡಿ.

ಮಾಮು ಎಂದರೆ ನನ್ನ ಅಮ್ಮಿಯ ತಮ್ಮ. ಐಟಿಐ ಓದಿ, ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಯಂತ್ರಗಳ ಕಂಟ್ರೋಲ್ ಬೋರ್ಡು ರಿಪೇರಿ ಮಾಡುತ್ತಲೇ ತಲೆ ನರೆತವರು. ಬೋರ್ಡಿನೊಳಗಿನ ಚಿಪ್ಪಿಗೆ ನೇರವಾಗಿ ಅಪ್ಪಣೆ ಕೊಡುವ ಪ್ರೋಗ್ರಾಮು ಬರೆಯುವುದನ್ನು ಯಾರೂ ಕಲಿಸದೆ ಕಲಿತರು. ಮೊಬೈಲಿನಲ್ಲಿ ಊಟ ತರಿಸುವಂಥ ಪ್ರೋಗ್ರಾಮಲ್ಲ. ಮೋಟಾರು ಯಾವಾಗ ತಿರುಗಬೇಕು, ಮೆಮೊರಿಯ ಯಾವ ಖಾನೆಯಲ್ಲಿ ಏನಿರಬೇಕು ಎನ್ನುವ ತಳಮಟ್ಟದ ವಿದ್ಯೆ. ಅದರಲ್ಲಿ ಸಿಕ್ಕಿಹಾಕಿಕೊಂಡವರು ಇಂಟರ್ನೆಟ್ಟಿನ ಒಂದು ವೇದಿಕೆಯಲ್ಲಿ ಪ್ರಶ್ನೆ ಹಾಕುತ್ತಾರೆ, ಮಾಮು ಉತ್ತರ ಬರೆಯುತ್ತಾರೆ. ಓದಿ ಮೆಚ್ಚಿದವರು ಅಂಕ ಕೊಡುತ್ತಾರೆ, ಕೇಳಿದವರು ಹಸಿರು ಟಿಕ್ಕು ಹಾಕುತ್ತಾರೆ. ಇದರಿಂದ ಏನು ಸಿಗುತ್ತದೆ ಎಂದು ಮಾತ್ರ ಕೇಳಬೇಡಿ. ಅಮ್ಮಿ ಕೇಳಿ ಕೇಳಿ ಸುಸ್ತಾಗಿದ್ದಾಳೆ.

ತೊಂದರೆ ಏನೆಂದರೆ ಆ ವೇದಿಕೆಯ ಕಾಯಿದೆಗಳನ್ನು ಅವರು ಮನೆಯಲ್ಲೂ ಜಾರಿಗೆ ತಂದಿದ್ದಾರೆ. ಒಂದು ದಿನ ಅವರ ಹೆಂಡತಿ, ನಮ್ಮ ಮುಮಾನಿ, "ಏನ್ರಿ, ಮಿಕ್ಸಿ ಕೆಟ್ಟೈತೆ" ಎಂದರು.

"ಕೆಟ್ಟೈತೆ ಅಂದ್ರ ಏನಂತ ತಿಳೀಬೇಕು? ಏನ್ ಮಾಡ್ದಿ, ಏನಾತು, ಏನಾಗಬೇಕಿತ್ತು, ಮೂರೂ ಹೇಳು."

"ಬಟನ್ ತಿರುವಿದೆ. ಏನೂ ಆಗ್ಲಿಲ್ಲ. ಚಟ್ನಿ ಆಗಬೇಕಿತ್ತು."

ಅಂದು ಮಾಮು ಬರೀ ದೋಸೆ ತಿಂದರು. ಇನ್ನೊಮ್ಮೆ ಮುಮಾನಿ, "ಹರಿಹರಕ್ಕೆ ನಮ್ಮಕ್ಕನ ಮನಿಗೆ ಯಾವಾಗ ಹೋಗೋದು?" ಎಂದರೆ, ಇವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಇದೇ ಪ್ರಶ್ನೆ ರಂಜಾನ್‌ನಾಗ ಕೇಳಿದ್ದಿ. ಆಗ್ಲೇ ಉತ್ತರ ಕೊಟ್ಟೀನಿ" ಎಂದರು. ಆಗ ಕೊಟ್ಟ ಉತ್ತರ "ನೋಡಾಣ" ಎಂಬುದಾಗಿತ್ತು. ಮುಮಾನಿ ಅಂದೇ ಬಸ್ಸು ಹತ್ತಿ ಹೋಗಿ ನಾಲ್ಕು ದಿನ ಇದ್ದು ಬಂದರು. ಆ ನಾಲ್ಕು ದಿನವೂ ಮಾಮು ಮಂಡಕ್ಕಿ ತಿಂದುಕೊಂಡು ಪ್ರಪಂಚಕ್ಕೆ ಉತ್ತರ ಕೊಟ್ಟರು.

ನನ್ನದು ಪರದೆ ಬಟ್ಟೆಯ ಅಂಗಡಿ. ಅಲ್ಲಿಗೂ ಬಂದು ಕೂರುತ್ತಾರೆ. ಗಿರಾಕಿಯೊಬ್ಬರು "ಬಣ್ಣ ಹೋಗಲ್ಲ ಹೌದಲ್ರಿ?" ಎಂದಾಗ ನಾನು "ಗ್ಯಾರಂಟಿ" ಎಂದೆ. ಮೂಲೆಯಿಂದ ಮಾಮು, "ನೀನು ಒಗೆದು ನೋಡೀಯೇನು?" ಎಂದರು. ಆ ಗಿರಾಕಿ ಇವತ್ತಿನವರೆಗೂ ನನ್ನ ಅಂಗಡಿಯ ಕಡೆ ತಲೆ ಹಾಕಿಲ್ಲ. ಹೊಟ್ಟೆ ಉರಿಯುವುದಿಲ್ಲವೇ ನೀವೇ ಹೇಳಿ!

ಅವರು ಬರೆದ ಉತ್ತರಗಳಲ್ಲಿ ಒಂದರ ಮೇಲೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಓಡುವ ಯಂತ್ರವನ್ನು ಬಟನ್ ಒತ್ತಿ ನಿಲ್ಲಿಸುವ ಪ್ರೋಗ್ರಾಮು ಹೇಗಿರಬೇಕು ಎಂಬ ಪ್ರಶ್ನೆಗೆ ಎಷ್ಟೋ ವರ್ಷದ ಹಿಂದೆ ಬರೆದದ್ದು. ಅದಕ್ಕೆ ಹಸಿರು ಟಿಕ್ಕೂ ಬಿದ್ದಿತ್ತು. ಮನೆಗೆ ಬಂದವರಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಚಹಾ ಕೊಡಿಸುತ್ತಿದ್ದರು.

ಹೋದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ, ನನ್ನ ಅಂಗಡಿಗೆ ರಜೆಯಾದ್ದರಿಂದ ಅವರ ಮನೆಯಲ್ಲೇ ಕೂತಿದ್ದೆ. ಆ ಉತ್ತರದ ಕೆಳಗೆ ಪರದೇಶದವನೊಬ್ಬ ಬರೆದಿದ್ದ: ನೀವು ಹೇಳಿದಂತೆಯೇ ಮಾಡಿದ್ದೇನೆ, ಬಟನ್ ಒತ್ತಿದರೂ ಯಂತ್ರ ಒಮ್ಮೊಮ್ಮೆ ನಿಲ್ಲುವುದಿಲ್ಲ. ಮಾಮು ನಕ್ಕು ತಮ್ಮ ಮೂರು ಪ್ರಶ್ನೆ ಹಾಕಿದರು. ಅವನು ಮೂರಕ್ಕೂ ಅಚ್ಚುಕಟ್ಟಾಗಿ ಉತ್ತರಿಸಿದ. ಓದುತ್ತ ಓದುತ್ತ ಮಾಮುವಿನ ಮುಖ ಸಪ್ಪಗಾಯಿತು.

"ಒಂದು ಪದ ಬಿಟ್ಟೀನಿ ಬೇಟಾ. ಬಟನ್ ಕಡೆ ಪ್ರತಿ ಸಲ ನೋಡು ಅಂತ ಹೇಳೋ ಪದ. ಅದಿಲ್ಲ ಅಂದ್ರ ಚಿಪ್ಪು ಒಮ್ಮೊಮ್ಮೆ ಕೆಲ್ಸ ಉಳಿಸಾಕ ಒಂದೇ ಸಲ ನೋಡ್ತೈತೆ. ಯಾರೂ ಒತ್ತಿಲ್ಲ ಅಂತ ನೆನಪಿಟ್ಕಂತೈತೆ. ಆಮ್ಯಾಲೆ ಒತ್ತಿದ್ರೂ ತಿರುಗಿ ನೋಡಲ್ಲ."

"ತಿದ್ದಿದ್ರಾತು ಬಿಡು ಮಾಮು" ಎಂದೆ. ಟಿಕ್ಕು ಬಿದ್ದ ಉತ್ತರವನ್ನು ಬರೆದವರಿಗೂ ಅಳಿಸಲು ಬರುವುದಿಲ್ಲವಂತೆ. ಅದರ ನೆತ್ತಿಯ ಮೇಲೆ "ಇದು ತಪ್ಪು, ನಕಲು ಮಾಡಿದ್ದರೆ ಮೊದಲು ಯಂತ್ರ ನಿಲ್ಲಿಸಿ" ಎಂದು ಬರೆದು, ತಿದ್ದುಪಡಿ ಹಾಕಿ, ಮಾಮು ಎದ್ದು ಅಂಗಿ ತೊಟ್ಟು, ಲ್ಯಾಪ್‌ಟಾಪು ಮತ್ತು ರಿಪೇರಿ ಸಾಮಾನಿನ ಚೀಲ ಹೆಗಲಿಗೇರಿಸಿದರು.

"ಸ್ಕೂಟರ್ ತೆಗಿ. ಗುತ್ತೂರಿಗೆ ಹೋಗಬೇಕು. ಅಲ್ಲೊಂದು ಪೇಪರ್ ತಟ್ಟೆ ಒತ್ತೋ ಮೆಷಿನ್ನಿಗೆ ಇದನ್ನೇ ಬರೆದು ಕೊಟ್ಟೀನಿ."

"ನಮಾಜಿಗೆ ಹೊತ್ತಾಗ್ತೈತಲ್ಲ?"

"ಹರಿಹರದಾಗ ಮಾಡಾಣ. ಆ ಮೆಷಿನ್ನಿನಾಗ ಯಾರ್ದೋ ಕೈ ಐತೆ ಮಾರಾಯ."

ಹರಿಹರ ಊರಿಗೆ ತಾಗಿಕೊಂಡೇ ಇರುವ ಗುತ್ತೂರಿನ ಆ ಶೆಡ್ಡಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಯಂತ್ರದ ಮುಂದೆ ಕೂತಿದ್ದಳು. ಕೆಳಗಿನ ಅಚ್ಚಿನ ಮೇಲೆ ಕಾಗದ ಇಡುತ್ತಾಳೆ, ಮೇಲಿನ ಅಚ್ಚು ಇಳಿದು ಒತ್ತುತ್ತದೆ, ತಟ್ಟೆ ತೆಗೆಯುತ್ತಾಳೆ. ಕಾಗದ ಸೊಟ್ಟಗಾದರೆ ಬಟನ್ ಒತ್ತಿ ನಿಲ್ಲಿಸಿ, ಕೈ ಹಾಕಿ ಸರಿಮಾಡಬೇಕು. ಮಾಮು ಬಾಗಿಲಿನಿಂದಲೇ ಕೂಗಿ ಯಂತ್ರ ಬಂದ್ ಮಾಡಿಸಿದರು.

"ಬಟನ್ ಒತ್ತಿದಾಗ ನಿಲ್ತೈತೇನವ್ವ?"

"ಒಮ್ಮೊಮ್ಮೆ ನಿಲ್ಲಲ್ರಿ. ನನ್ನ ಕೈಯೇ ನಿಧಾನ್ರಿ, ಒತ್ತೋದು ತಡ ಮಾಡ್ತೀನಿ. ಮಾಲಕ್ರೂ ಅದಕ್ಕೇ ಬೈತಾರೆ" ಎಂದು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅಷ್ಟರೊಳಗೆ ನಾವು ನೋಡಿಯಾಗಿತ್ತು. ಎರಡು ಬೆರಳಿನ ಉಗುರು ಕಪ್ಪಾಗಿ, ತುದಿ ಚಪ್ಪಟೆಯಾಗಿತ್ತು.

"ಎಷ್ಟು ದಿನದಿಂದ?"

"ಮೆಷಿನ್ ಬಂದಾಗಿಂದ್ರಿ."

ಮಾಮು ಅಲ್ಲಿದ್ದ ತಟ್ಟೆಯ ಕಟ್ಟಿನ ಮೇಲೆ ಕೂತರು. "ನಿಮ್ಮ ಕೈ ನಿಧಾನ ಅಲ್ಲವ್ವ. ಈ ಮೆಷಿನ್ನಿಗೆ ಬರ್ಕೊಟ್ಟಾವ ನಾನು. ತಪ್ಪು ನಂದು" ಎಂದರು. ಆಕೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು.

ಮಾಮು ಲ್ಯಾಪ್‌ಟಾಪು ಜೋಡಿಸಿ ಬಿಟ್ಟುಹೋದ ಪದ ಸೇರಿಸಿದರು. ಬರೀ ಪ್ರೋಗ್ರಾಮನ್ನು ನಂಬಬಾರದೆಂದು, ಒತ್ತಿದರೆ ಕರೆಂಟನ್ನೇ ಕಡಿಯುವ ಕೆಂಪು ಸ್ವಿಚ್ಚೊಂದನ್ನೂ ಕೂರಿಸಿದರು. ಅಚ್ಚಿನ ನಡುವೆ ಕಟ್ಟಿಗೆ ಇಟ್ಟು ಮತ್ತೆ ಮತ್ತೆ ನಿಲ್ಲಿಸಿ ನೋಡಿದರು. ಪ್ರತಿ ಸಲವೂ ನಿಂತಿತು. ಆದರೆ ಆಕೆ ಬಂದು ಕೂತರೂ ಕೈ ಮುಂದೆ ಹೋಗಲಿಲ್ಲ. ಇಷ್ಟು ವರ್ಷ ತನ್ನದೇ ತಪ್ಪೆಂದು ಇಟ್ಟ ಕೈ, ಯಂತ್ರದ ತಪ್ಪೆಂದು ಗೊತ್ತಾದ ಮೇಲೆ ಹೆದರಿತ್ತು.

ಆಗ ಮಾಮು ಕಟ್ಟಿಗೆ ತೆಗೆದು, ಆ ಜಾಗದಲ್ಲಿ ತಮ್ಮ ಕೈ ಇಟ್ಟರು. "ಮಾಲಕ್ರನ್ನ ಕರೀರಿ. ಅವರ ಮುಂದೆ ನೀವೇ ಬಟನ್ ಒತ್ರಿ."

"ಬ್ಯಾಡ್ರಿ ಸಾಹೇಬ್ರ. ಕೈ ತಗೀರಿ."

"ನೀವು ದಿನಾ ಇಡ್ತೀರಲ್ಲವ್ವ."

ಅಷ್ಟು ವರ್ಷ ಇವರನ್ನು ಆಡಿಕೊಂಡು ನಕ್ಕವನು ನಾನು. ಇವರ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂದು ಆವತ್ತೇ ತಿಳಿದದ್ದು. ಹೋಗಿ ಆ ಕೆಂಪು ಸ್ವಿಚ್ಚಿನ ಪಕ್ಕ ನಿಂತೆ.

ಮಾಲೀಕರು ಬಂದು ನಿಂತರು. ಯಂತ್ರ ಓಡಿತು. ಮೇಲಿನ ಅಚ್ಚು ಇಳಿಯತೊಡಗಿತು. ಆಕೆ ಒತ್ತಿದಳು. ಮಾಮುವಿನ ಕೈಯಿಂದ ಒಂದು ಗೇಣು ಮೇಲೆ ಅದು ನಿಂತಿತು.

"ಇವರ ಕೈ ನಿಧಾನ ಐತೇನು, ನೋಡ್ರಿ" ಎಂದರು ಮಾಮು. ಮಾಲೀಕರು ತಲೆ ತಗ್ಗಿಸಿದರು. "ಇನ್ನೊಮ್ಮೆ ಒತ್ರವ್ವ" ಎಂದು ಮಾಮು ಕೈ ಅಲ್ಲೇ ಇಟ್ಟುಕೊಂಡಿದ್ದರು. ಆಕೆ ಒತ್ತಲಿಲ್ಲ. ಆ ಕಪ್ಪು ಉಗುರಿನ ಕೈ ಚಾಚಿ, ಅವರ ಕೈ ಹಿಡಿದು ಅಚ್ಚಿನಿಂದ ಈಚೆ ತೆಗೆದು, "ಸಾಕು ಬಿಡಣ್ಣ" ಎಂದಳು.