ಗಿರಿಜಾಂಬನ ಅಸ್ಥಿವಾಣಿ

"ಅಕ್ಕಾ, ಅಲ್ಲಾಡಬೇಡ! ನೀನು ಅಲ್ಲಾಡಿದ್ರೆ ತಲೆಬುರುಡೆ ಸಿಗ್ನಲ್ ಕೊಡಲ್ಲ!"

"ಮಂಗಳವಾರದ ದಿವ್ಸ ಬುರುಡೆ ಗಿರುಡೆ ಅನ್ಬೇಡ ಕಣೋ!" ಎಂದಳು ಗಿರಿಜಾಂಬ, ಅಲ್ಲಾಡದೆ.

ತಮ್ಮ ರೇಣುಕಾರಾಧ್ಯ ಅವಳ ಹಣೆಗೆ ರಬ್ಬರ್ ಪಟ್ಟಿ ಬಿಗಿದು, ದವಡೆಯ ಎರಡೂ ಬದಿಗೆ ಹಿತ್ತಾಳೆ ಬಿಲ್ಲೆ ಒತ್ತಿ, ಹಿಂದೆ ಸರಿದು ನೋಡಿದ. ಅರವತ್ತು ದಾಟಿದ ಅಕ್ಕ ಬಾಸಿಂಗ ಕಟ್ಟಿಕೊಂಡ ಮದುಮಗಳ ಹಾಗೆ ದಿವಾನದ ಮೇಲೆ ಕೂತಿದ್ದಳು. ಬಾಸಿಂಗದಿಂದ ಹೊರಟ ತಂತಿಗಳು ಮಾತ್ರ ಒಂದು ಹಳೆಯ ಟ್ರಂಕಿನೊಳಗೆ ಹೋಗಿದ್ದವು. ಅದರೊಳಗೆ ಏನೋ ಮಿಣಮಿಣ ಉರಿಯುತ್ತಿತ್ತು, ಏನೋ ಗೊರಗುಟ್ಟುತ್ತಿತ್ತು.

"ಇದರ ಹೆಸರು ಅಸ್ಥಿವಾಣಿ!" ಎಂದು ಆರಾಧ್ಯ ಸಾರಿದ.

ನೋಡಲು ಬಂದಿದ್ದ ಪಕ್ಕದ ಮನೆಯ ಲೋಕಮ್ಮ ಕೈಯಲ್ಲಿದ್ದ ಕೋಡುಬಳೆ ತಟ್ಟೆಯನ್ನು ಎದೆಗವಚಿಕೊಂಡಳು. "ಶಿವ ಶಿವಾ! ಇಂಥಾ ಹೆಸ್ರು ಇಟ್ಕೊಂಡು ಮನೆ ಒಳಗೆ ಯಾರಾದ್ರೂ ತರ್ತಾರಾ?"

ಆರಾಧ್ಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಪಾಠ ನಿಂತಿತ್ತು, ಪ್ರಯೋಗ ನಿಂತಿರಲಿಲ್ಲ. ಅವನ ರೊಟ್ಟಿ ತಟ್ಟುವ ಯಂತ್ರ ರೊಟ್ಟಿಗಳನ್ನು ಎದುರು ಮನೆಯ ತಾರಸಿಗೆ ಎಸೆದಿತ್ತು. ಸೊಳ್ಳೆ ಓಡಿಸುವ ಯಂತ್ರಕ್ಕೆ ಸೊಳ್ಳೆ ಹೆದರಲಿಲ್ಲ, ಊರಿನ ಬಾವಲಿಗಳೆಲ್ಲ ಬಂದು ಕಿಟಕಿಗೆ ಜೋತುಬಿದ್ದವು. ಆದರೆ ಈ ಸಲದ ಯಂತ್ರವನ್ನು ಅವನು ಅಕ್ಕನಿಗಾಗಿಯೇ ಮಾಡಿದ್ದ. ಅದಕ್ಕೇ ಅವಳು ಬೈಯುತ್ತಲೇ ತಲೆ ಕೊಟ್ಟಿದ್ದಳು.

ಗಿರಿಜಾಂಬ ತಿಪಟೂರಿಗೆ ಸೊಸೆಯಾಗಿ ಬಂದಾಗ ತಂದದ್ದು ಎರಡು ಪೆಟ್ಟಿಗೆ ಸೀರೆ ಮತ್ತು ಅವ್ವ ಕಲಿಸಿದ ಬೀಸುವ ಪದಗಳು. ಬಂದ ಮನೆಯಲ್ಲೋ ರಾಗಿಕಲ್ಲೇ ಇರಲಿಲ್ಲ. ಮುಂದುಗಡೆ ಹಿಟ್ಟಿನ ಮಿಲ್ಲು, ಹಿಂದುಗಡೆ ಮನೆ. ಗಂಡ ಶಾಂತವೀರಯ್ಯ ಬೆಳಗಿನಿಂದ ಸಂಜೆಯವರೆಗೆ ಮಿಲ್ಲಿನ ಸದ್ದಿನಲ್ಲಿ ನಿಂತು, ಮೀಸೆಯ ತುಂಬ ಹಿಟ್ಟು ತುಂಬಿಕೊಂಡು ಒಳಗೆ ಬರುವವನು. ಬೀಸುವ ಕಲ್ಲಿಲ್ಲದಿದ್ದರೇನಂತೆ, ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಬೀಸುವ ಪದ ಹಾಡಿದಳು. ನಾಮಕರಣ, ಸೀಮಂತ, ಮದುವೆಯ ಹಸೆ, ಎಲ್ಲಿ ಕರೆದರೂ ಹೋಗಿ ಹಾಡಿದಳು. ಹಾಡುವಾಗ ತನ್ನ ದನಿ ಅವಳಿಗೆ ಆಲೆಮನೆಯ ಬಿಸಿ ಬೆಲ್ಲದ ಹಾಗೆ ಕೇಳುತ್ತಿತ್ತು: ದಪ್ಪಗೆ, ಮೆತ್ತಗೆ, ನಿಧಾನಕ್ಕೆ ಹರಿಯುವಂತೆ.

ಮೂರು ವರ್ಷದ ಹಿಂದೆ ನಾದಿನಿಯ ಮಗಳ ಮದುವೆಯ ವಿಡಿಯೋ ಬಂತು. ಎಲ್ಲರೂ ಟೀವಿಯ ಮುಂದೆ ಕೂತಿದ್ದರು. ಹಸೆಮಣೆಯ ಪಕ್ಕ ಯಾರೋ ಹೆಂಗಸು ತಗಡಿನ ಪೀಪಿಯಂಥ ದನಿಯಲ್ಲಿ ಹಾಡುತ್ತಿದ್ದಳು. "ಇದ್ಯಾರೇ, ಈ ಪಾಟಿ ಕೀರಲು?" ಎಂದು ನಗುತ್ತ ಕೇಳಿದವಳು ಗಿರಿಜಾಂಬನೇ. ಅಷ್ಟರಲ್ಲಿ ಕ್ಯಾಮೆರಾ ಆ ಹೆಂಗಸಿನ ಮುಖಕ್ಕೆ ಬಂತು. ಗಿರಿಜಾಂಬ ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು.

ಅಂದಿನಿಂದ ಹಾಡಿಲ್ಲ. ಕರೆಯಲು ಬಂದವರಿಗೆ "ಗಂಟಲು ಕಟ್ಟೈತೆ" ಎನ್ನುತ್ತಿದ್ದಳು. ಮೂರು ವರ್ಷದಿಂದ ಕಟ್ಟಿದ ಗಂಟಲಿಗೆ ಊರವರು ತಂದುಕೊಟ್ಟ ಜ್ಯೇಷ್ಠಮಧು ಒಂದು ಡಬ್ಬಿ ತುಂಬಿತ್ತು! ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗಲೂ ಬಾಯಿಗೆ ಬಂದ ಪದವನ್ನು ಉಗುಳಿನ ಜೊತೆ ನುಂಗುತ್ತಿದ್ದಳು. ಆ ಬೆಲ್ಲದ ದನಿ ಇನ್ನೂ ಒಳಗೆ ಇದೆ ಎಂದು ಗೊತ್ತಿತ್ತು. ಅದನ್ನು ಇನ್ನೊಬ್ಬರು ಒಂದು ಸಲ ಕೇಳಬೇಕಿತ್ತು, ಅಷ್ಟೇ.

"ಅಕ್ಕಾ, ನಿನ್ನ ದನಿ ನಿನಗೆ ಎರಡು ದಾರೀಲಿ ಬರುತ್ತೆ," ಎಂದು ಆರಾಧ್ಯ ವಿವರಿಸಿದ. "ಒಂದು ಗಾಳಿಯಿಂದ ಕಿವಿಗೆ. ಇನ್ನೊಂದು ಒಳಗಿಂದೊಳಗೆ, ಮೂಳೆ ಹಾದು. ದಪ್ಪ ದನಿಯೆಲ್ಲ ಮೂಳೇಲಿ ಬರೋದು. ಬೇರೆಯವರಿಗೆ ಮೂಳೆ ಪಾಲು ಸಿಗಲ್ಲ, ಗಾಳಿ ಪಾಲು ಮಾತ್ರ. ನನ್ನ ಯಂತ್ರ ಮೂಳೆ ಪಾಲನ್ನ ಹೊರಗೆ ತರುತ್ತೆ!"

ಸ್ವಿಚ್ ಒತ್ತಿದ. ಸ್ಪೀಕರಿನಿಂದ ಜಲ್ಲಿ ಲಾರಿ ಮಗುಚಿದಂಥ ಸದ್ದು ಹೊರಟಿತು! ಲೋಕಮ್ಮ ಕಿಟಾರನೆ ಕಿರುಚಿದಳು.

"ಅಕ್ಕಾ, ಬಾಯಲ್ಲಿ ಏನಿದೆ?"

"ಕೋಡುಬಳೆ," ಎಂದಳು ಗಿರಿಜಾಂಬ ನಾಚುತ್ತ.

ಕೋಡುಬಳೆ ನುಂಗಿದ್ದಾಯಿತು. ಆಮೇಲೆ ಕಪ್ಪೆಗಳ ಸಭೆ ಸೇರಿದಂಥ ಸದ್ದು ಬಂತು. ಅದು ಅವಳ ಹೊಟ್ಟೆ. ಆರಾಧ್ಯ ಟ್ರಂಕಿನೊಳಗೆ ತಲೆ ಹಾಕಿ ಏನನ್ನೋ ತಿರುಗಿಸಿದ. "ಈಗ ಹಾಡು!"

ಗಿರಿಜಾಂಬ ಕಣ್ಣು ಮುಚ್ಚಿದಳು. ಅವ್ವನ ಪದ ತುಟಿಗೆ ಬಂತು: ಗಂಡನ ಮನೆಯಲ್ಲಿ ರಾಗಿ ಬೀಸುವ ಹುಡುಗಿಯೊಬ್ಬಳು ಹಿಟ್ಟು ಹಾರಿಸುವ ಗಾಳಿಯನ್ನು, ನೀನು ನನ್ನ ತವರಿನ ಮೇಲೆ ಹಾದು ಬಂದೆಯಾ ಎಂದು ಕೇಳುವ ಪದ. ಸ್ಪೀಕರಿನಿಂದ ಆ ದನಿ ಬಂತು. ದಪ್ಪಗೆ, ಮೆತ್ತಗೆ, ನಿಧಾನಕ್ಕೆ ಹರಿಯುತ್ತ ಬಂತು! ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಲೋಕಮ್ಮ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

"ಅವ್ರನ್ನ ಕರಿಯೋ!" ಎಂದಳು ಗಿರಿಜಾಂಬ ತಮ್ಮನಿಗೆ. "ಮಿಲ್ ನಿಲ್ಸಿ ಬರೋಕೆ ಹೇಳೋ!"

ಶಾಂತವೀರಯ್ಯ ಬಂದ. ಆರಾಧ್ಯ ಟ್ರಂಕು ಹಿಡಿದಿಟ್ಟಿದ್ದ ಹಾಡನ್ನು ಮತ್ತೆ ಹಾಕಿದ. ಬಾಗಿಲಲ್ಲೇ ನಿಂತು, ತಲೆ ಓರೆ ಮಾಡಿ, ಪೂರ್ತಿ ಹಾಡು ಕೇಳಿದ.

"ಹೆಂಗೈತೆ, ರೀ?"

"ಚೆನ್ನಾಗೈತೆ," ಎಂದ ಅವನು ಗಟ್ಟಿಯಾಗಿ. ಮಿಲ್ಲಿನವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. "ಯಾರು ಹಾಡಿರೋದು?"

"ಭಾವಾ! ಅಕ್ಕಾನೇ ಹಾಡಿರೋದು!"

"ಅಲ್ಲ ಬುಡು," ಎಂದ ಶಾಂತವೀರಯ್ಯ. "ಈಯಮ್ಮ ಯಾರೋ ನನಗೆ ಗೊತ್ತಿಲ್ಲ." ಹಿಟ್ಟು ಕೊಡವಿಕೊಂಡು ಮಿಲ್ಲಿಗೆ ಹೋದ.

ಇಷ್ಟು ವರ್ಷ ಜೊತೆಗೆ ಬಾಳಿದ ಗಂಡಸಿಗೆ ತನ್ನ ನಿಜವಾದ ದನಿಯೇ ಗೊತ್ತಿಲ್ಲವಲ್ಲ! ಗಿರಿಜಾಂಬ ಅಂದು ಅವನ ಸಾರಿಗೆ ಒಗ್ಗರಣೆ ಹಾಕಲಿಲ್ಲ.

ಆ ಹಟಕ್ಕೇ ಅವಳು ಊರಿನ ಹೆಂಗಸರ ಸಂಘವಾದ ಅಕ್ಕನ ಬಳಗದ ವಾರ್ಷಿಕೋತ್ಸವದಲ್ಲಿ ಹಾಡಲು ಒಪ್ಪಿಕೊಂಡಳು. ಸಮುದಾಯ ಭವನ ತುಂಬಿತ್ತು. ಆರಾಧ್ಯ ಟ್ರಂಕನ್ನು ವೇದಿಕೆಗೆ ಹೊರಿಸಿ ತಂದು ಭವನದ ದೊಡ್ಡ ಸ್ಪೀಕರುಗಳಿಗೆ ಜೋಡಿಸಿದ. ಗಡಿಬಿಡಿಯಲ್ಲಿ ಹೊರಗೆ ಹೋಗಬೇಕಾದ ತಂತಿ ಒಳಕ್ಕೂ, ಒಳಕ್ಕೆ ಬರಬೇಕಾದ್ದು ಹೊರಕ್ಕೂ ಹೋಯಿತು. ಸ್ವಿಚ್ ಒತ್ತಿದಾಗ ಟ್ರಂಕು ಒಮ್ಮೆ ಬಿಕ್ಕಿತು. ಎಲ್ಲರ ಹಲ್ಲೂ ಸಣ್ಣಗೆ ಜುಮ್ಮೆಂದವು. ಬೇರೇನೂ ಆಗಲಿಲ್ಲ.

ಬಳಗದ ಅಧ್ಯಕ್ಷೆ ಸರ್ವಮಂಗಳಮ್ಮ ಮೈಕಿನ ಮುಂದೆ ನಿಂತು, "ಎಲ್ಲರಿಗೂ ಆದರದ ಸ್ವಾಗ..." ಎಂದವರು ತಟ್ಟನೆ ನಿಂತು ಹಿಂದೆ ತಿರುಗಿ ನೋಡಿದರು. "ಯಾರದು, ನನ್ನ ಅಣಕಿಸ್ತಿರೋದು?" ಹಿಂದೆ ಯಾರೂ ಇರಲಿಲ್ಲ. ಇನ್ನೊಂದು ಸಲ "ಸ್ವಾಗತ" ಎಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು.

ಕುರ್ಚಿಗಾಗಿ ಜಗಳವಾಡುತ್ತಿದ್ದ ಇಬ್ಬರು ಹೆಂಗಸರು ಅರ್ಧಕ್ಕೇ ನಿಲ್ಲಿಸಿ ಕುರ್ಚಿಯನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು. ಅಳುತ್ತಿದ್ದ ಕೂಸೊಂದು ಬೆಚ್ಚಿ, ಅಳುತ್ತಿರುವವರು ಯಾರೆಂದು ಸುತ್ತ ನೋಡಿತು. ಹೊರಗೆ ಬೊಗಳಿದ ನಾಯಿ ಬಾಲ ಮುದುರಿ ಓಡಿತು!

"ಅಯ್ಯಯ್ಯೋ, ಯಂತ್ರ ತಿರುಗಾಮುರುಗಾ ಆಗಿದೆ!" ಎಂದು ಆರಾಧ್ಯ ಕೂಗಿದ. "ಎಲ್ಲರ ಮೂಳೆ ಪಾಲನ್ನೂ ಅಳಿಸಿ ಹಾಕ್ತಿದೆ! ಈಗ ಪ್ರತಿಯೊಬ್ಬರಿಗೂ ಅವರವರ ದನಿ ಬೇರೆಯವರಿಗೆ ಕೇಳಿಸೋ ಹಾಗೇ..." ಅಲ್ಲಿಗೆ ಅವನಿಗೆ ತನ್ನ ದನಿ ಕೇಳಿಸಿತು. ಮೂವತ್ತು ವರ್ಷ ಪಾಠ ಹೇಳಿದ ದನಿ! ಮುಖ ಸಪ್ಪಗೆ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, ವಿವರಣೆಯನ್ನು ನಡುವೆಯೇ ನಿಲ್ಲಿಸಿದ. ಸ್ವಿಚ್ ಎಳೆದ. ಅದು ಕೈಗೇ ಕಿತ್ತುಬಂತು.

ಭವನಕ್ಕೆ ಭವನವೇ ಬಾಯಿಗೆ ಕೈ ಅಡ್ಡ ಹಿಡಿದು ಕೂತಿತ್ತು. ಗಿರಿಜಾಂಬ ವೇದಿಕೆಯಿಂದ ಆ ಮುಖಗಳನ್ನು ನೋಡಿದಳು. ಎಲ್ಲರ ಕಣ್ಣಲ್ಲೂ ಏನನ್ನೋ ಕಳೆದುಕೊಂಡವರ ನೋಟ. ನಗು ಬರಲಿಲ್ಲ. ವಿಡಿಯೋ ನೋಡಿದ ದಿನ ತಾನು ಹಿತ್ತಲಿಗೆ ಹೋದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು.

ಆಗ ಬಾಗಿಲಲ್ಲಿ ಶಾಂತವೀರಯ್ಯ ಕಾಣಿಸಿಕೊಂಡ, ಮೀಸೆಯ ಹಿಟ್ಟಿನ ಸಮೇತ. ತನ್ನ ದನಿ ಹೇಗಿದೆ ಎಂದು ಅವನಿಗೆ ಮಿಲ್ಲಿನ ಸದ್ದಿನಲ್ಲಿ ಎಂದೂ ಕೇಳಿಸಿರಲಿಲ್ಲವಾದ್ದರಿಂದ, ಈಗ ಬೇಸರಪಡಲು ಅವನಿಗೇನೂ ಇರಲಿಲ್ಲ.

"ಯಾಕ್ರಮ್ಮಾ, ಎಲ್ರೂ ಹಿಂಗೆ ಕುಂತಿದೀರಾ? ಗಿರಿಜಾ, ಹಾಡಕಿಲ್ವಾ?"

"ಹೆಂಗ್ರೀ ಹಾಡ್ಲಿ?" ಎಂದಳು. ಅವಳ ಕಿವಿಗೂ ಅದೇ ತಗಡಿನ ಪೀಪಿ ಕೇಳಿತು. "ಕೀರಲು ದನಿ ಬರ್ತೈತೆ!"

"ಅದೇ ಕಣೆ ಬೇಕಾಗಿರೋದು!" ಶಾಂತವೀರಯ್ಯನ ಮಾತು ಮೈಕಿಲ್ಲದೆಯೇ ಭವನದ ಮೂಲೆಗೆ ಮುಟ್ಟಿತು. "ಆ ಪೆಟ್ಟಿಗೇಲಿ ಬಂದ ದಪ್ಪ ದನಿ ಮಿಲ್ಲಿನ ಸದ್ದಲ್ಲಿ ಮುಳುಗೋಗ್ತದೆ. ನಿಂದು ಮುಳುಗಕಿಲ್ಲ. ಕಲ್ಲು ತಿರುಗ್ತಿದ್ರೆ, ಮೇಲೆ ದಾರ ಎಳ್ದಂಗೆ ಒಳಗಿಂದ ಬರೋದು. ದಿನಾ ಅದನ್ನೇ ಕೇಳ್ಕಂಡು ಬೀಸ್ತಿದ್ದೆ. ಈ ಮೂರು ವರ್ಷ ಬರೀ ಕಲ್ಲಿನ ಸದ್ದೇ ಆಗೋಯ್ತು."

ಗಿರಿಜಾಂಬನಿಗೆ ಗಂಟಲು ನಿಜವಾಗಿಯೂ ಕಟ್ಟಿತು. ಅಡುಗೆಮನೆಯ ಗೋಡೆಯಾಚೆ ಯಾರಾದರೂ ಕೇಳುತ್ತಿದ್ದಾರೆಂದು ಅವಳು ಅಂದುಕೊಂಡಿದ್ದೇ ಇಲ್ಲ. "ಒಂದ್ ಮಾತು ಹೇಳಬಾರ್ದಿತ್ತಾ, ರೀ?"

"ಹೇಳ್ದೆ. ಮಿಲ್ ಓಡ್ತಿತ್ತು, ನಿಂಗೆ ಕೇಳ್ಸಿಲ್ಲ."

ಅವಳು ಹಾಡಿದಳು. ಹಣೆಯ ರಬ್ಬರ್ ಬಾಸಿಂಗ ಕಿತ್ತಿಟ್ಟು ಹಾಡಿದಳು. ಕಿವಿಗೆ ಬಿದ್ದದ್ದು ತೆಳ್ಳನೆಯ ದನಿಯೇ, ಅದು ಹಿಡಿಸಲಿಲ್ಲ. ಎರಡನೆಯ ಚರಣಕ್ಕೂ ಹಿಡಿಸಲಿಲ್ಲ. ಬೆಲ್ಲದ ದನಿ ಎಲ್ಲಿ ಹೋಯಿತೆಂದು ಒಳಗೊಳಗೇ ಹುಡುಕುತ್ತ, ಗಾಳಿಯನ್ನು ತವರಿನ ಸುದ್ದಿ ಕೇಳುವ ಆ ಹುಡುಗಿಯ ಪದವನ್ನು ಕೊನೆಯವರೆಗೂ ಹಾಡಿದಳು. ಅಲ್ಲಿ ತಮ್ಮ ದನಿಗೆ ಹೆದರಿ ಕೂತವರು ಯಾರೂ "ಒನ್ಸ್ ಮೋರ್" ಎನ್ನಲಿಲ್ಲ, ಕಣ್ಣೊರೆಸಿಕೊಂಡರು. ಶಾಂತವೀರಯ್ಯ ಬಾಗಿಲ ಚೌಕಟ್ಟಿಗೆ ಒರಗಿ, ಕಾಳು ಸುರಿಯುವಾಗ ನಿಲ್ಲುವ ಹಾಗೆಯೇ ಒಂದು ಕೈ ಮೇಲೆತ್ತಿ ನಿಂತಿದ್ದ.

ಯಂತ್ರ ಮಾತ್ರ ಆರಲಿಲ್ಲ. ವೈರು ಕಿತ್ತರೂ ಆರಲಿಲ್ಲ, ನೀರು ಸುರಿದರೂ ಆರಲಿಲ್ಲ! ಅದರ ಆಟ ಭವನದಾಚೆಗೂ ಹಬ್ಬಿ, ಒಂದು ವಾರ ಊರೇ ಪಿಸುಮಾತಿನಲ್ಲಿ ನಡೆಯಿತು. ಕೊಬ್ಬರಿ ಹರಾಜನ್ನು ಕೈಸನ್ನೆಯಲ್ಲಿ ಕೂಗಿದರು. ಬಸ್ ಕಂಡಕ್ಟರುಗಳು ಊರಿನ ಹೆಸರನ್ನು ಹಲಗೆಯಲ್ಲಿ ಬರೆದು ತೋರಿಸಿದರು. ಕೊನೆಗೆ ಆರಾಧ್ಯ, ದೊಡ್ಡ ಸದ್ದಿಗಾದರೂ ಯಂತ್ರ ಬಗ್ಗೀತೆಂದು, ಟ್ರಂಕನ್ನು ಗಾಡಿಯಲ್ಲಿ ಹೇರಿಕೊಂಡು ಮಿಲ್ಲಿನ ಮುಂದೆ ಬಂದ. ಮಿಲ್ಲು ಧಡಧಡ ಓಡುತ್ತಿತ್ತು. ಟ್ರಂಕು ಅದರ ಬಾಗಿಲಿಗೆ ಬಂದದ್ದೇ ಇನ್ನೊಮ್ಮೆ ಬಿಕ್ಕಿ, ಹೊಗೆಯುಗುಳಿ ತಣ್ಣಗಾಯಿತು. ಊರಿನವರಿಗೆ ಅವರವರ ದನಿ ವಾಪಸು ಬಂತು.

ಆದರೆ ಮಿಲ್ಲು! ಕಲ್ಲು ತಿರುಗುತ್ತಿದೆ, ಬೆಲ್ಟು ಓಡುತ್ತಿದೆ, ಹಿಟ್ಟು ಬೀಳುತ್ತಿದೆ. ಸದ್ದೇ ಇಲ್ಲ! ತನ್ನ ಕರ್ಕಶ ದನಿಯನ್ನು ತಾನೇ ಮೊದಲ ಸಲ ಕೇಳಿ ಮಿಲ್ಲು ನಾಚಿ ಸುಮ್ಮನಾಯಿತೆಂದು ಆರಾಧ್ಯನ ಅಭಿಪ್ರಾಯ. ಬೇರಿಂಗ್ ನೋಡಲು ಬಂದ ಮೆಕ್ಯಾನಿಕ್ಕು ಬೇರೆ ಅಭಿಪ್ರಾಯ ಹೇಳದೆ ಹೊರಟುಹೋದ.

ಗಿರಿಜಾಂಬ ಸಂತೋಷದಿಂದ ಮಿಲ್ಲಿನ ಒಳಗೇ ಮಣೆ ಹಾಕಿ ಕೂತಳು. ಇನ್ನೇಕೆ ಗೋಡೆ, ಇನ್ನೇಕೆ ದೂರ! ಗಂಡನ ಮುಖ ನೋಡುತ್ತ ಅವ್ವನ ಪದ ಎತ್ತಿಕೊಂಡಳು. ಶಾಂತವೀರಯ್ಯ ಒಂದು ಚರಣ ಕೇಳಿದ, ಕಿವಿ ಉಜ್ಜಿಕೊಂಡ, ಎರಡನೆಯ ಚರಣಕ್ಕೆ ಕೂತಲ್ಲೇ ಮಿಸುಕಾಡಿದ.

"ಗಿರಿಜಾ," ಎಂದ, "ಅಡುಗೆಮನೆಗೋಗಿ ಹಾಡೇ. ಇಷ್ಟು ಹತ್ರದಿಂದ ಕೇಳಿ ರೂಢಿ ಇಲ್ಲ."