ಅರ್ಮಾಸ್‌ನ ಮೀನಿನ ಜಾಗ

ಆ ಶುಕ್ರವಾರ ಬೆಳಗ್ಗೆ ಅರ್ಮಾಸ್‌ನ ಮೈಯಿಂದ ಮೀನಿನ ವಾಸನೆ ಬರುತ್ತಿತ್ತು. ಆದದ್ದು ಇಷ್ಟೇ. ಬೇರೆ ಊರಾಗಿದ್ದರೆ ಜನ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಕೋಸ್ಕಿನೀಮಿಯಲ್ಲಿ ಮೀನಿನ ವಾಸನೆ ಬಂದರೆ ಜನ ಹತ್ತಿರ ಸರಿಯುತ್ತಾರೆ.

ನಮ್ಮದು ಕಾಗದದ ಕಾರ್ಖಾನೆಯ ಊರು. ಚಿಮಣಿಯಿಂದ ವರ್ಷವಿಡೀ ಕೊಳೆತ ಕೋಸಿನ ವಾಸನೆ ಬರುತ್ತದೆ. ಅದು ನಮಗೆ ರೊಟ್ಟಿ ಕೊಡುವ ವಾಸನೆ ಎಂದು ಹಿರಿಯರು ಹೇಳಿಕೊಟ್ಟಿರುವುದರಿಂದ ಯಾರಿಗೂ ಅದು ತಾಗುವುದಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ, ಸರೋವರದ ಮೇಲೆ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದ್ದು ಬಿಸಿಲೂ ಕಾಣಿಸಿಕೊಂಡಾಗ, ಮೀನಿನ ವಾಸನೆಯನ್ನು ಮಾತ್ರ ಎರಡು ಬೀದಿ ಆಚೆಯಿಂದ ಪತ್ತೆ ಹಚ್ಚುತ್ತಾರೆ. ಮಂಜುಗಡ್ಡೆಗೆ ತೂತು ಕೊರೆದು, ಮೊಳದುದ್ದದ ಕೋಲಿನಿಂದ ಗಾಳ ಇಳಿಬಿಟ್ಟು, ದಿನವಿಡೀ ಮಾತಿಲ್ಲದೆ ಕೂರುವುದು ಇಲ್ಲಿಯ ಗಂಡಸರ ಧರ್ಮ. ಸಂಬಳ ಎಷ್ಟೆಂದು ಹೇಳಿಯಾರು, ಹೆಂಡತಿಯ ವಯಸ್ಸು ಹೇಳಿಯಾರು, ಮೀನು ಸಿಗುವ ಜಾಗ ಹೇಳುವುದಿಲ್ಲ. ಎಲ್ಲಿ ಹಿಡಿದೆ ಎಂದು ಕೇಳಿದರೆ ‘ಎಲ್ಲೂ ಇಲ್ಲ’ ಎನ್ನುತ್ತಾರೆ. ಹಾಗೆಂದವನ ಹತ್ತಿರ ಒಳ್ಳೆಯ ಜಾಗ ಇದೆ ಎಂದು ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ.

ಅರ್ಮಾಸ್ ತಿಯಾಯ್ನೆನ್ ಜನ್ಮದಲ್ಲಿ ಒಂದು ಮೀನೂ ಹಿಡಿದವನಲ್ಲ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವನ ಕೆಲಸ. ಆರು ವರ್ಷದಿಂದ ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಹುಳ, ಹರಿಯದ ಕಾಗದ. ಮರ ಬೇಯಿಸಿ ತೆಗೆದ ನಾರಿನ ಎಳೆಗಳು ನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತವೆ, ಪಾಲಾದ ಅಣ್ಣತಮ್ಮಂದಿರ ಹಾಗೆ. ಎಲ್ಲವುಗಳ ಮೈಮೇಲೂ ಒಂದೇ ಬಗೆಯ ವಿದ್ಯುತ್ತು ಇರುವುದೇ ಇದಕ್ಕೆ ಕಾರಣ. ಅವುಗಳಲ್ಲಿ ಒಂದು ಪಾಲನ್ನು ಬೇರೆ ತೆಗೆದು, ಕ್ಷಾರದ ನೀರಿನಲ್ಲಿ ಒಂದು ಬಗೆಯ ಉಪ್ಪು ಸೇರಿಸಿ ಬಿಸಿ ಮಾಡಿ, ಅದರ ಸ್ವಭಾವವನ್ನೇ ತಿರುಗಿಸಿಬಿಟ್ಟರೆ? ಆಮೇಲೆ ಉಳಿದವುಗಳ ಜೊತೆ ಬೆರೆಸಿದರೆ ಎಳೆಗೆ ಎಳೆ ತಬ್ಬಿಕೊಳ್ಳುತ್ತದೆ, ಬಿಡಿಸಿದರೂ ಬಿಡುವುದಿಲ್ಲ. ಇದನ್ನು ಸಾಧಿಸಲು ಅವನು ಆರು ವರ್ಷದ ಸಂಜೆಗಳನ್ನೂ ಬಹುಪಾಲು ಭಾನುವಾರಗಳನ್ನೂ ಕೊಟ್ಟಿದ್ದ.

ಇದರಲ್ಲಿ ತೊಡಕು ಒಂದೇ. ಆ ಉಪ್ಪು ಕ್ಷಾರದಲ್ಲಿ ಕೆಟ್ಟರೆ ಹಳಸಿದ ಮೀನಿನ ವಾಸನೆ ಹುಟ್ಟುತ್ತಿತ್ತು. ಕೊನೆಯಲ್ಲಿ ಒಮ್ಮೆ ಆಮ್ಲದ ನೀರಿನಲ್ಲಿ ಚೆನ್ನಾಗಿ ತೊಳೆದರೆ ಹೋಗುತ್ತಿತ್ತು. ಹೋಯಿತೋ ಇಲ್ಲವೋ ಎಂಬುದು ಮಾತ್ರ ಅರ್ಮಾಸ್‌ಗೆ ತಿಳಿಯುತ್ತಿರಲಿಲ್ಲ. ಆರು ವರ್ಷ ಅದನ್ನೇ ಮೂಸಿ ಮೂಸಿ ಅವನ ಮೂಗು ಸತ್ತುಹೋಗಿತ್ತು.

ಆ ಶುಕ್ರವಾರ ಮಧ್ಯಾಹ್ನ ಹಿಟ್ಟಿನ ಗಿರಣಿಯ ಖರೀದಿದಾರ ಲಿಂಡ್ರೂಸ್ ಈ ಕಾಗದದಿಂದ ಮಾಡಿದ ಚೀಲಗಳನ್ನು ನೋಡಲು ಬರುವವನಿದ್ದ. ಅವನು ಒಪ್ಪಿದರೆ ಅರ್ಮಾಸ್‌ನ ನಾರಿಗೆ ದೊಡ್ಡ ಯಂತ್ರದಲ್ಲಿ ಜಾಗ. ಒಪ್ಪದಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲಬೇಕು, ನಾರು ಬೇಯಿಸುವ ಪಾತ್ರೆಗಳನ್ನು ಕಳಚಿಹಾಕುತ್ತೇವೆ ಎಂದು ಕಾರ್ಖಾನೆಯ ಮುಖ್ಯಸ್ಥ ನಿಕುಲಾ ಹೇಳಿಯಾಗಿತ್ತು. ಜೊತೆಗೆ, ಸಹಿ ಬೀಳುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದು, ಸರೋವರದ ಆಚೆ ದಡದ ಕಾರ್ಖಾನೆಗೆ ಕಿವಿ ಉದ್ದ ಎಂದೂ ಕಟ್ಟಪ್ಪಣೆ ಮಾಡಿದ್ದ. ಮಾದರಿ ಚೀಲಗಳನ್ನು ಕೂಡ ಪ್ರಯೋಗಶಾಲೆಯಲ್ಲಿ ಬಿಡದೆ ಮನೆಗೆ ಒಯ್ಯಬೇಕಿತ್ತು. ಗುರುವಾರ ಸಂಜೆ ಅರ್ಮಾಸ್ ಅವನ್ನು ಮಡಚಿ, ಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಹಳೆಯ ಬೆನ್ನುಚೀಲದಲ್ಲಿ ತುಂಬಿಟ್ಟ. ಬೆಳಗ್ಗೆ ಹೆಂಡತಿ ಸೈಮಿ ಏಳುವ ಮೊದಲೇ ಅದನ್ನು ಬೆನ್ನಿಗೇರಿಸಿ ಹೊರಟ.

ಮೆಟ್ಟಿಲ ಬುಡದಲ್ಲೇ ಕೆಳಮನೆಯ ಓಯಿವಾ ಸಿಕ್ಕಿದ. ಯಂತ್ರದ ಪಾಳಿಯ ಮೇಸ್ತ್ರಿ, ಊರಿನ ಮೀನುಗಾರರಿಗೆಲ್ಲ ದೊಡ್ಡಣ್ಣ. ಅವನು ಹಿಮದ ಮೇಲೆ ತಳ್ಳಿಕೊಂಡು ಬರುತ್ತಿದ್ದ ಜಾರುಬಂಡಿ ನಿಲ್ಲಿಸಿ ಗಾಳಿಯನ್ನು ಒಮ್ಮೆ ಮೂಸಿದ. ಆಮೇಲೆ ಅರ್ಮಾಸ್‌ನನ್ನು, ಹತ್ತಿರದಿಂದ, ಇನ್ನೊಮ್ಮೆ ಮೂಸಿದ.

“ಎಲ್ಲಿ ಹಿಡಿದೆ?”

ಅರ್ಮಾಸ್ ಒಂದು ಹೆಜ್ಜೆ ಹಿಂದೆ ಸರಿದ. ತೊಳೆದದ್ದು ಸಾಲಲಿಲ್ಲ, ವಾಸನೆ ಉಳಿದುಬಿಟ್ಟಿದೆ ಎಂದುಕೊಂಡ. ನಿಜ ಹೇಳುವಂತಿಲ್ಲ. ಬಾಯಿಗೆ ಬಂದದ್ದು, “ಎಲ್ಲೂ ಇಲ್ಲ.”

ಓಯಿವಾನ ಕಣ್ಣುಗಳು ಸಣ್ಣಗಾದವು. “ಓಹೋ,” ಎಂದನಷ್ಟೇ.

ಎಂಟು ಗಂಟೆಯ ಕಾಫಿಯ ಹೊತ್ತಿಗೆ ಸುದ್ದಿ ಕಾರ್ಖಾನೆಯ ಮೂಲೆ ಮೂಲೆಗೂ ಹಬ್ಬಿತ್ತು. ಭಾನುವಾರವೂ ಪ್ರಯೋಗಶಾಲೆ ಎನ್ನುತ್ತಿದ್ದವನು ಹೋಗುತ್ತಿದ್ದದ್ದು ಎಲ್ಲಿಗೆ ಎಂಬುದು ಈಗ ಎಲ್ಲರಿಗೂ ಅರ್ಥವಾಗಿತ್ತು. ಜನ್ಮದಲ್ಲಿ ಅವನಿಗೆ ಒಂದು ಲೋಟ ಕಾಫಿ ಎತ್ತಿಕೊಡದಿದ್ದವರು ಬೆಣ್ಣೆ ಸವರಿದ ಏಲಕ್ಕಿ ಬನ್ನು ತಂದು ಮುಂದಿಟ್ಟರು. ತಾನು ಮೀನು ಹಿಡಿಯುವುದೇ ಇಲ್ಲ ಎಂದು ಅವನು ಆಣೆ ಹಾಕಿದ. ಗಾಳಕ್ಕೆ ಹುಳು ಚುಚ್ಚಲೂ ತನಗೆ ಬಾರದು ಎಂದ. ಅವನು ಹಾಗೆ ಒಂದೊಂದು ಸಲ ಇಲ್ಲ ಎಂದಾಗಲೂ ಅವರ ಮನಸ್ಸಿನಲ್ಲಿ ಮೀನು ಒಂದೊಂದು ಗೇಣು ಉದ್ದವಾಗುತ್ತಿತ್ತು.

ಹತ್ತು ಗಂಟೆಗೆ ಓಯಿವಾ ಪ್ರಯೋಗಶಾಲೆಗೇ ಬಂದು ಕುರ್ಚಿ ಎಳೆದು ಕೂತ. ಅರ್ಮಾಸ್ ಆಗ ತಕ್ಕಡಿ ಒರೆಸುತ್ತ, ಮಧ್ಯಾಹ್ನದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ.

“ನಿನ್ನ ಅಮ್ಮ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವನು ನಾನು,” ಎಂದ ಓಯಿವಾ. “ಸೌನಾದ ಬಿಸಿ ಹಬೆಯಲ್ಲಿ ನಿನ್ನ ಬೆನ್ನು ತಿಕ್ಕಿದೀನಿ. ಒಂದು ಜಾಗ ಹೇಳಕ್ಕೆ ನಿಂಗೆ ಇಷ್ಟು ಹೊಟ್ಟೆಕಿಚ್ಚಾ?”

ಇವನು ಇಲ್ಲೇ ಕೂತರೆ ಚೀಲಗಳು ಕಣ್ಣಿಗೆ ಬೀಳುತ್ತವೆ. ಹೇಗಾದರೂ ಸಾಗಹಾಕಬೇಕೆಂದು ಅರ್ಮಾಸ್ ಕಿಟಕಿಯಾಚೆ ನೋಡಿದ. ದೂರದಲ್ಲಿ ಹಳೆಯ ಗೋರಿಗಳಿರುವ ಕಲ್ಮೋ ದ್ವೀಪ ಕಂಡಿತು. “ಕಲ್ಮೋದ ಹಿಂದೆ, ಜೊಂಡಿನ ಆಚೆ,” ಎಂದುಬಿಟ್ಟ. “ಯಾರಿಗೂ ಹೇಳಬೇಡ.”

ಯಾರಿಗೂ ಹೇಳುವುದಿಲ್ಲ ಎಂದು ಓಯಿವಾ ಅವನ ಕೈ ಹಿಡಿದು ಮಾತು ಕೊಟ್ಟ. ಹನ್ನೊಂದರ ಹೊತ್ತಿಗೆ ಬೆಳಗಿನ ಪಾಳಿಯ ಅರ್ಧ ಜನಕ್ಕೆ ಹೊಟ್ಟೆನೋವು ಬಂತು. ಗುಮಾಸ್ತರಿಗೆ ತಲೆನೋವು ಬಂತು. ಕಾರ್ಖಾನೆಯ ದಾದಿ ಎಲ್ಲರಿಗೂ ಮನೆಗೆ ಹೋಗಲು ಅನುಮತಿ ಕೊಟ್ಟು, ತಾನೂ ಗಂಡನನ್ನು ಹುಡುಕಿಕೊಂಡು ಹೊರಟಳು. ಮಂಜುಗಡ್ಡೆಯ ಮೇಲೆ ಕರಿಯ ಚುಕ್ಕೆಗಳ ಸಾಲು ಕಲ್ಮೋದತ್ತ ಸಾಗುವುದನ್ನು ಅರ್ಮಾಸ್ ಕಿಟಕಿಯಿಂದ ನೋಡಿದ.

ಲಿಂಡ್ರೂಸ್ ಒಂದು ಗಂಟೆಗೆ ಬಂದ. ಕೆಂಪು ಮುಖ, ದಪ್ಪ ಕತ್ತು, ಮಾತು ಕಡಿಮೆ. ಚೀಲಕ್ಕೆ ಹಿಟ್ಟು ತುಂಬಿ ಎತ್ತರದಿಂದ ಬೀಳಿಸಿ ತೋರಿಸಬೇಕಾದ ಆಳುಗಳು ಸರೋವರದ ಮೇಲಿದ್ದುದರಿಂದ ಅರ್ಮಾಸ್ ತಾನೇ ಹೊತ್ತ, ತಾನೇ ಏಣಿ ಹತ್ತಿದ. ಮೊದಲನೆಯ ಚೀಲ ದಬ್ಬೆಂದು ಬಿತ್ತು. ಹರಿಯಲಿಲ್ಲ. ಎರಡನೆಯದನ್ನು ಬೀಳಿಸುವಾಗ ಕಾಲು ಜಾರಿ ಅವನೂ ಜೊತೆಗೇ ಬಂದು ಚೀಲದ ಮೇಲೆ ಬಿದ್ದ. ಅವನ ಕೋಟಿನ ತೋಳು ಹರಿಯಿತು, ಮೊಣಕಾಲು ತರಚಿತು, ಚೀಲಕ್ಕೆ ಏನೂ ಆಗಲಿಲ್ಲ. ನಿಕುಲಾ ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡ. ಲಿಂಡ್ರೂಸ್ ಮಂಡಿಯೂರಿ ಚೀಲವನ್ನು ಹಿಸುಕಿದ, ಎಳೆದ, ಹಲ್ಲಿನಿಂದ ಕಚ್ಚಿಯೂ ನೋಡಿದ. ಇಂಥ ಕಾಗದ ತಾನು ಕಂಡಿಲ್ಲ ಎಂದ. ನೆಲದಲ್ಲಿ ಬಿದ್ದಲ್ಲೇ ಕೂತಿದ್ದ ಅರ್ಮಾಸ್‌ಗೆ ಆ ಒಂದು ಮಾತಿಗೆ ಆರು ವರ್ಷದ ದಣಿವೆಲ್ಲ ಇಳಿದಂತಾಯಿತು.

ಕಚ್ಚಲು ಬಾಯಿ ಹತ್ತಿರ ತಂದಾಗ ಮೂಗೂ ಹತ್ತಿರ ಬಂದಿತ್ತಲ್ಲ. ಲಿಂಡ್ರೂಸ್ ಇನ್ನೊಮ್ಮೆ ಮೂಸಿದ. “ಮೀನು,” ಎಂದ.

ನಿಕುಲಾ ಇಂಥದಕ್ಕೆಲ್ಲ ತಡವರಿಸುವವನಲ್ಲ. ನಮ್ಮ ಅರ್ಮಾಸ್ ಊರಿಗೇ ದೊಡ್ಡ ಮೀನುಗಾರ, ಬೆಳಗ್ಗೆಯಿಂದ ಎಲ್ಲರ ಬಾಯಲ್ಲೂ ಅವನ ಮಾತೇ, ತನ್ನ ಮೀನಿನ ಚೀಲದಲ್ಲೇ ಇವನ್ನೂ ಹಾಕಿಕೊಂಡು ಬಂದಿದ್ದಾನೆ ಅಷ್ಟೆ ಎಂದ. ಲಿಂಡ್ರೂಸ್‌ನ ಮುಖ ಆಗ ಮೊದಲ ಬಾರಿಗೆ ಅರಳಿತು. ಅವನೂ ಆ ಜಾತಿಯವನೇ. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ, “ಮೀನುಗಾರನ ಚೀಲ ಮೀನು ನಾರದೆ ಮತ್ತೇನು ನಾರುತ್ತೆ,” ಎಂದು ನಕ್ಕ. “ಅದಕ್ಕೆಲ್ಲ ನಂದೇನೂ ತಕರಾರಿಲ್ಲ.”

ಅಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರಲು ಅರ್ಮಾಸ್ ಪ್ರಯತ್ನವನ್ನೂ ಪಟ್ಟ. ಆದರೆ ಅದೇ ಹೊತ್ತಿಗೆ ಬಾಗಿಲು ತೆರೆದು, ಮೀಸೆಯ ಮೇಲೆ ಹಿಮ ಕಟ್ಟಿದ ಓಯಿವಾ ಕೈಯಲ್ಲಿ ಕೊರೆಗೋಲು ಹಿಡಿದುಕೊಂಡೇ ಒಳಗೆ ಬಂದ. ಅವನ ಬೆನ್ನಿಗೆ ಹತ್ತಾರು ಜನ. ಒಂದು ಬೆರಳುದ್ದದ ಮೀನೂ ಸಿಕ್ಕಿರಲಿಲ್ಲ. “ನಮ್ಮನ್ನ ಗೋರಿಗಳ ದ್ವೀಪಕ್ಕೆ ಕಳಿಸಿ ಇಲ್ಲಿ ಆರಾಮಾಗಿ ಕೂತಿದೀಯಾ,” ಎಂದ ಓಯಿವಾ. “ನಿಜವಾದ ಜಾಗ ಹೇಳು. ಹೇಳದೆ ಇವತ್ತು ಈ ಬಾಗಿಲು ದಾಟಲ್ಲ ನೀನು.”

ಒಂದು ಕಡೆ ಇವರು, ಇನ್ನೊಂದು ಕಡೆ ಲಿಂಡ್ರೂಸ್‌ನ ಪೆನ್ನು. ಅರ್ಮಾಸ್ ಚೀಲಗಳತ್ತ ನೋಡಿದ. ಅವುಗಳಲ್ಲಿ ಹೋಗುವುದು ಹಿಟ್ಟು. ಊರೂರಿನ ಅಡುಗೆಮನೆಗಳಲ್ಲಿ ಹೆಂಗಸರು ಬನ್ನು ಸುಟ್ಟು ಮಕ್ಕಳಿಗೆ ಕೊಡುವಾಗ ಅದು ಮೀನು ನಾರಿದರೆ? ತಾನು ಮಾಡಿದ ಕಾಗದದ ಹೆಸರು ಹಾಗೆ ಕೆಡುವುದನ್ನು ಅವನು ಸಹಿಸಲಾರ. ಬೆಳಗಿನಿಂದ ಹೇಳಿದ ಸುಳ್ಳು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಕೊನೆಗೆ ಅದನ್ನು ಕಕ್ಕಿಬಿಟ್ಟ.

“ನಂಗೆ ಯಾವ ಜಾಗವೂ ಇಲ್ಲ. ನಾನು ಮೀನು ಹಿಡಿದೇ ಇಲ್ಲ,” ಎಂದ. “ಈ ವಾಸನೆ ಕಾಗದದ್ದೇ. ನಾರಿಗೆ ಹಾಕೋ ಉಪ್ಪಿಂದು. ಇನ್ನೊಂದು ಸಲ ತೊಳೆದ್ರೆ ಹೋಗುತ್ತೆ, ನಂಗೆ ಒಂದು ವಾರ ಟೈಮ್ ಕೊಡಿ.”

ಲಿಂಡ್ರೂಸ್ ಪೆನ್ನಿನ ಮುಚ್ಚಳ ಹಾಕಿದ. ಮೀನುಗಾರನ ಚೀಲವನ್ನು ತಾನು ಕ್ಷಮಿಸಬಹುದು, ಹುಟ್ಟಿನಿಂದಲೇ ಮೀನು ನಾರುವ ಕಾಗದದಲ್ಲಿ ಹಿಟ್ಟು ತುಂಬಲಾರೆ, ಇವತ್ತು ತೊಳೆದು ಹೋದದ್ದು ನಾಳೆ ಉಗ್ರಾಣದಲ್ಲಿ ಮತ್ತೆ ಬರುವುದಿಲ್ಲವೆಂದು ಯಾರು ಹೇಳಬಲ್ಲರು ಎಂದ. ಆಮೇಲೆ ನಿಕುಲಾನ ಕೋಣೆಗೆ ಹೋಗಿ, ಎಂದಿನ ಸಾದಾ ಚೀಲಗಳಿಗೆ ಮೂರು ವರ್ಷದ ಒಪ್ಪಂದ ಮಾಡಿಕೊಂಡು, ಮಧ್ಯಾಹ್ನದ ರೈಲು ಹಿಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೋಮವಾರದಿಂದ ಪಾತ್ರೆಗಳನ್ನು ಕಳಚಲು ಶುರುಮಾಡು, ಈಗ ಮನೆಗೆ ಹೋಗು ಎಂದು ನಿಕುಲಾ ಅರ್ಮಾಸ್‌ನ ಮುಖ ನೋಡದೆ ಹೇಳಿದ.

ಜನರಾದರೂ ನಂಬಿದರೇ? ಗೇಟಿನವರೆಗೆ ಓಯಿವಾ ಅವನ ಪಕ್ಕದಲ್ಲೇ ನಡೆದುಬಂದ. ಅವನ ಸಿಟ್ಟು ಇಳಿದು ಆ ಜಾಗದಲ್ಲಿ ಭಕ್ತಿ ಬಂದಿತ್ತು. “ನಾನು ನಲವತ್ತು ವರ್ಷದಿಂದ ಗಾಳ ಹಾಕ್ತಿದೀನಿ,” ಎಂದ ಮೆಲ್ಲಗೆ. “ಜಾಗ ಉಳಿಸ್ಕೊಳ್ಳಕ್ಕೆ ಅಷ್ಟು ದೊಡ್ಡ ವ್ಯಾಪಾರನೇ ನೀರಿಗೆ ಬಿಟ್ಟವನನ್ನ ಕಂಡಿರಲಿಲ್ಲ ಮಾರಾಯಾ.” ಹೇಳಿ ತಲೆಯ ಟೊಪ್ಪಿ ತೆಗೆದ.

ಆರು ವರ್ಷದಲ್ಲಿ ಮೊದಲ ಸಲ ಅರ್ಮಾಸ್ ಸಂಜೆಯಾಗುವ ಮೊದಲೇ ಮನೆ ಸೇರಿದ. ಅಡುಗೆಮನೆಯಲ್ಲಿ ಸೈಮಿ ಬೆನ್ನು ಹಾಕಿ ನಿಂತಿದ್ದಳು. ಮೇಜಿನ ಮೇಲೆ ಹಸಿರು ಪಟ್ಟೆಯ ಮೀನುಗಳ ರಾಶಿ, ಒಂದೊಂದೂ ಮೊಳದುದ್ದ. ಅವಳ ಕೈಯ ಚಾಕುವಿಗೆ ಹುರುಪೆ ಅಂಟಿತ್ತು. ಬಾಗಿಲ ಸದ್ದಿಗೆ ಬೆಚ್ಚಿ ತಿರುಗಿದವಳು, ಅವನ ಬೆನ್ನ ಮೇಲಿನದನ್ನು ನೋಡಿ ಬೈದಳು.

“ನನ್ನ ಚೀಲ ಯಾಕೆ ತಗೊಂಡು ಹೋದೆ? ಇವತ್ತು ಇವನ್ನೆಲ್ಲ ಬಕೀಟಿನಲ್ಲಿ ಹೊತ್ತು ತಂದೆ ನಾನು.”

ಅರ್ಮಾಸ್ ಬೆನ್ನುಚೀಲ ಇಳಿಸಿ ಬಾಯಿ ತೆರೆದು ನೋಡಿದ. ಒಳಗಿನ ಬಟ್ಟೆಯ ಹೊಲಿಗೆಯುದ್ದಕ್ಕೂ ಒಣಗಿದ ಹುರುಪೆಗಳು ಮಿನುಗುತ್ತಿದ್ದವು. ಹಾಗೇ ಕುರ್ಚಿ ಎಳೆದು ಕೂತ. ಆಮೇಲೆ ಉಳಿದಿದ್ದ ಒಂದು ಮಾದರಿ ಚೀಲದ ಕೆಳಪದರವನ್ನು ಬಿಡಿಸಿ, ಒಳಮೈಯನ್ನು ಅವಳ ಮುಂದೆ ಹಿಡಿದು, ಮೂಸಿ ನೋಡು ಎಂದ. ಅವನ ದನಿ ಕೇಳಿ ಸೈಮಿ ಬೈಯುವುದನ್ನು ಬಿಟ್ಟಳು. ಕೈ ಒರೆಸಿಕೊಂಡು ಕಾಗದದೊಳಗೆ ಮೂಗಿಟ್ಟು ನಿಧಾನವಾಗಿ ಉಸಿರೆಳೆದಳು.

“ಹೊರಗಡೆ ನನ್ನ ಮೀನು,” ಎಂದಳು. “ಒಳಗಡೆ ಏನೂ ಇಲ್ಲ. ಹೊಸ ಕಾಗದದ ವಾಸನೆ, ಅಷ್ಟೇ.”

ತೊಳೆದದ್ದು ಸಾಕಾಗಿತ್ತು. ಕಾಗದದಲ್ಲಿ ಯಾವ ಕುಂದೂ ಇರಲಿಲ್ಲ. ಮಾಡಿದವನೇ ಅದರ ಮೇಲೆ ಇಲ್ಲದ ದೋಷ ಹೊರಿಸಿ ಮುಗಿಸಿ ಬಂದಿದ್ದ. ಅವನು ದಿಗ್ಗನೆದ್ದು ಟೊಪ್ಪಿಗೆ ಕೈ ಹಾಕಿದ, ನಿಕುಲಾನಿಗೆ ಹೇಳಬೇಕು, ಲಿಂಡ್ರೂಸ್‌ಗೆ ಫೋನ್ ಮಾಡಿಸಬೇಕು ಎಂದ. ದಿನದ ಕತೆಯನ್ನೆಲ್ಲ ಕೇಳಿಸಿಕೊಂಡ ಸೈಮಿ, ಏನೆಂದು ಹೇಳುತ್ತೀಯಾ ಎಂದಳು. ಬೆಳಗ್ಗೆ ಒಂದು ಮಾತು, ಮಧ್ಯಾಹ್ನ ಒಂದು ಮಾತು, ಈಗ ಮೂರನೆಯದನ್ನು ಯಾರು ನಂಬುತ್ತಾರೆ? ನಂಬಿಸಬೇಕಾದರೆ ಅವಳ ಹೆಸರು ಹೇಳಬೇಕು. ಹೇಳಿದರೆ ನಾಳೆ ಬೆಳಗಾಗುವಷ್ಟರಲ್ಲಿ ಇಡೀ ಊರು ಕೊರೆಗೋಲು ಹಿಡಿದು ಅವಳ ಹಿಂದೆ ಬರುತ್ತದೆ. ಅವಳು ಬೇಡ ಎನ್ನಲಿಲ್ಲ. ಬಕೀಟಿನತ್ತ ನೋಡಿದಳು ಅಷ್ಟೇ. ಅರ್ಮಾಸ್ ಟೊಪ್ಪಿಯನ್ನು ಮತ್ತೆ ಮೊಳೆಗೆ ಹಾಕಿದ.

“ಯಾವಾಗಿಂದ ಹೋಗ್ತಿದೀಯಾ?” ಎಂದು ಕೇಳಿದ.

“ನೀನು ಭಾನುವಾರ ಮನೇಲಿರೋದು ಬಿಟ್ಟಾಗಿಂದ. ಮೊದಲು ನಿನ್ನ ಕರೀತಿದ್ದೆ. ಸರೋವರಕ್ಕೆ ಹೋಗಿ ಬರೋಣ ಬಾ, ಬಿಸಿಲು ಬಂದಿದೆ ಅಂತ. ನಾರು ಬೇಯ್ತಾ ಇದೆ ಅಂತಿದ್ದೆ ನೀನು. ಆಮೇಲೆ ಕರೆಯೋದು ಬಿಟ್ಟೆ.”

ಅವನಿಗೆ ನೆನಪಿತ್ತು. ಅವಳು ಶಾಲು ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದದ್ದೂ, ತಾನು ತಲೆ ಎತ್ತದೆ ಉತ್ತರ ಕೊಡುತ್ತಿದ್ದದ್ದೂ ನೆನಪಿತ್ತು. ಎಳೆಗೆ ಎಳೆ ಬೆಸೆಯುವ ವಿದ್ಯೆಯಲ್ಲಿ ಮುಳುಗಿ ತಾನು ಬಿಟ್ಟುಕೊಟ್ಟದ್ದು ಏನೆಂದು ಈಗ ಕಾಣಿಸಿತು. ಹೆಂಡತಿಯ ಕೈಯಲ್ಲಿ ಆರು ವರ್ಷ ಮೀನಿನ ವಾಸನೆ ಇತ್ತು, ತನಗೆ ಗೊತ್ತಾಗಲಿಲ್ಲ. ಅದಕ್ಕೆ ಮೂಗನ್ನೊಂದೇ ದೂರಿದರೆ ಸಾಲದು ಎಂಬುದೂ ಅವನಿಗೆ ತಿಳಿದಿತ್ತು.

ಸೈಮಿ ಆಗಲೇ ಆ ಹರಿಯದ ಚೀಲವನ್ನು ಎಳೆದುಕೊಂಡು ಮೇಜಿನ ಮೇಲೆ ಹಾಸಿ, ಮೀನು ಕೊಯ್ಯಲು ಶುರುಮಾಡಿದ್ದಳು. ನೀರು, ರಕ್ತ, ಚಾಕುವಿನ ಮೊನೆ, ಯಾವುದಕ್ಕೂ ಕಾಗದ ಜಗ್ಗಲಿಲ್ಲ. ಅರ್ಮಾಸ್ ಬಹಳ ಹೊತ್ತು ಅದನ್ನೇ ನೋಡಿದ. ಸೋಮವಾರದ ನಂತರ ಅವನಿಗೆ ಸಂಜೆಗಳಿದ್ದವು, ಭಾನುವಾರಗಳೂ ಇದ್ದವು. ಹೊಸದಾಗಿ ಪರಿಚಯವಾದವರನ್ನು ಕೇಳುವ ಹಾಗೆ ಕೇಳಿದ.

“ಸೈಮಿ, ಎಲ್ಲಿ ಹಿಡಿಯೋದು ಇವನ್ನ?”

ಅವಳು ಚಾಕು ನಿಲ್ಲಿಸಿ ಅವನ ಮುಖವನ್ನು ಒಮ್ಮೆ ನೋಡಿದಳು. ಸಿಟ್ಟೇನೂ ಇರಲಿಲ್ಲ.

“ಎಲ್ಲೂ ಇಲ್ಲ,” ಎಂದು ಮತ್ತೆ ಮೀನಿನತ್ತ ತಿರುಗಿದಳು.