ಅತ್ತೆ ತಟ್ಟಿ ನೋಡಿದ ಕಬ್ಬಿಣ

ಕಳೆದ ಭಾನುವಾರ ಮೈಸೂರಿನ ಗಾಲ್ಫ್ ಮೈದಾನದಲ್ಲಿ ನಾನು ಬೀಸಿದ ಹೊಡೆತಕ್ಕೆ ಹಾರಿದ್ದು ಹೋಗಿ ಕೊಳದ ನಟ್ಟನಡುವೆ ಬಿತ್ತು. ಹಾರಿದ್ದು ಚೆಂಡಲ್ಲ. ಚೆಂಡು ನನ್ನ ಬೂಟಿನ ಮುಂದೆ, ಪೂಜೆಗಿಟ್ಟ ನಿಂಬೆಹಣ್ಣಿನ ಹಾಗೆ, ಇಟ್ಟಲ್ಲೇ ಕೂತಿತ್ತು. ಹಾರಿದ್ದು ಕೋಲಿನ ತಲೆ. ನನ್ನ ಕೋಲುಚೀಲ ಹೊರುವ ಶಿವಯ್ಯ ಹಣೆಗೆ ಕೈ ಅಡ್ಡ ಹಿಡಿದು ಕೊಳದ ಕಡೆ ನೋಡಿ, "ಒಳ್ಳೆ ದೂರ ಓಯ್ತು ಸಾರ್. ಈ ವರ್ಸ ನಿಮ್ದು ಇದೇ ಜಾಸ್ತಿ" ಎಂದ. ಹಿಂದೆ ಸರದಿಗೆ ಕಾಯುತ್ತಿದ್ದ ನಾಲ್ವರು ಚಪ್ಪಾಳೆ ತಟ್ಟಿದರು.

ಗಾಲ್ಫಿನಲ್ಲಿ ಕಬ್ಬಿಣದ ತಲೆಯ ಕೋಲುಗಳಿಗೆ ಐರನ್ ಎನ್ನುತ್ತಾರೆ. ನನ್ನ ಏಳು ಐರನ್ನುಗಳು ನಮ್ಮ ಮೇಲಧಿಕಾರಿಯೊಬ್ಬರು ನಿವೃತ್ತರಾಗುವಾಗ ಬಿಟ್ಟುಹೋದವು (ಜೊತೆಗೆ ವಿಲೇವಾರಿಯಾಗದ ಒಂದಷ್ಟು ಫೈಲುಗಳನ್ನೂ ಬಿಟ್ಟರು). ಕಬ್ಬಿನ ಮಂಡ್ಯದಲ್ಲಿ ಹುಟ್ಟಿ ಕಬ್ಬಿಣಕ್ಕೆ ಮನಸೋತದ್ದು ಹೀಗೆ. ಸೋಲನ್ನೂ ಶೋಭೆಯಿಂದ ಒಪ್ಪಿಕೊಳ್ಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು; ಹನ್ನೊಂದು ವರ್ಷದಿಂದ ಶೋಭಿಸುತ್ತಿದ್ದೇನೆ. ಇಲಾಖೆಯ ಪಂದ್ಯದಲ್ಲಿ ಕೊನೆಯವನಿಗೆ ತಮಾಷೆಗೆಂದು ಕೊಡುವ ಮರದ ಸೌಟು ಮೂರು ವರ್ಷದಿಂದ ನನ್ನ ಮನೆಯಲ್ಲೇ ಇದೆ. ನನ್ನ ಹೆಂಡತಿ ಶ್ವೇತ ಅದರಲ್ಲೇ ನನಗೆ ಸಾರು ಬಡಿಸುತ್ತಾಳೆ. ಮುಂದಿನ ತಿಂಗಳು ಮತ್ತೆ ಪಂದ್ಯ. ಈ ಸಲ ಆ ಸೌಟು ಬೇರೆಯವರ ಮನೆಗೆ ಹೋಗಲೇಬೇಕಿತ್ತು.

"ಹೊಸ ಐರನ್ ಸೆಟ್ ತಗೋಬೇಕು ಕಣೆ" ಎಂದೆ.

"ಇಸ್ತ್ರಿಪೆಟ್ಟಿಗೆ ಒಂದಿದ್ರೆ ಸಾಲ್ದಾ, ಏಳು ಯಾಕೆ?" (ಅವಳಿಗೆ ಗೊತ್ತು. ಗೊತ್ತಿದ್ದೇ ಕೇಳುವುದು ದಾಂಪತ್ಯದ ಇಪ್ಪತ್ತನಾಲ್ಕನೇ ವರ್ಷದ ಲಕ್ಷಣ.)

"ತಪ್ಪು ನನ್ನ ಕೈದಲ್ಲ, ಶ್ವೇತ. ಕಬ್ಬಿಣದ್ದು."

"ಕಬ್ಬಿಣದ ಮಾತು ನಂಗ್ಯಾಕೆ? ಅವ್ವನ ಮುಂದೆ ಇಡಿ. ಅವ್ವ ಹೂಂ ಅಂದ್ರೆ ತಗಳಿ. ಊಹೂಂ ಅಂದ್ರೆ ಈ ಜನ್ಮದಲ್ಲಿ ಆ ಸುದ್ದಿ ಎತ್ತಂಗಿಲ್ಲ."

ಅವ್ವ ಎಂದರೆ ಬೆಸಗರಹಳ್ಳಿಯ ನನ್ನ ಅತ್ತೆ ದೇವಿರಮ್ಮ. ಎಪ್ಪತ್ತೆರಡು ವರ್ಷ, ಮೂರು ಎಕರೆ ಗದ್ದೆ, ಎರಡು ಎಕರೆ ಹೊಲ, ಎಲ್ಲವೂ ಒಬ್ಬರದೇ ಉಸ್ತುವಾರಿ. ಮದ್ದೂರು ಸಂತೆಯಲ್ಲಿ ಅವರು ಕುಡುಗೋಲು ಕೊಳ್ಳುವುದನ್ನು ನೋಡಬೇಕು. ಉಗುರಿನಿಂದ ಒಮ್ಮೆ ತಟ್ಟಿ, ಕಿವಿಗೆ ಹಿಡಿದು, ಅಂಗಡಿಯವನಿಗೆ ಅವನ ಕಬ್ಬಿಣದ ಜಾತಕ ಓದಿ ಹೇಳುತ್ತಾರೆ. ಅವನು ಒಳಗಿನಿಂದ ಬೇರೆಯದು ತರುತ್ತಾನೆ. ಊರೆಲ್ಲ ಹುರುಳಿಯನ್ನು ಟಾರು ರಸ್ತೆಗೆ ಹರಡಿ, ಹೋಗಿ ಬರುವ ಬಸ್ಸುಗಳ ಗಾಲಿಯಿಂದ ಕಾಳು ಬಿಡಿಸಿಕೊಂಡರೆ, ದೇವಿರಮ್ಮ ಮಾತ್ರ ಇವತ್ತಿಗೂ ಕಣದಲ್ಲಿ ಬಡಿಸುತ್ತಾರೆ. "ಬಸ್ಸಿನ್ ಟೈರು ತಿನ್ನಕ್ಕೆ ನಾನೇನು ಗರಾಜಾ?" ಎಂಬುದು ಅವರ ವಾದ. ಇಂಥವರೆದುರು ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಸುಳ್ಳು ಹೊಡೆಯಲು ತೀರ್ಮಾನಿಸಿದೆ. ಅವರ ಕಣ್ಣೆದುರೇ ಹಳೆಯ ಕೋಲುಗಳಿಂದ ಕೆಟ್ಟದಾಗಿ ಹೊಡೆದು ತೋರಿಸಿದರೆ ಕಬ್ಬಿಣ ಹಾಳಾಗಿದೆಯೆಂದು ಒಪ್ಪಲೇಬೇಕಲ್ಲ.

ಶನಿವಾರ ಶ್ವೇತಳ ಜೊತೆ ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡೆ (ಲಂಚವಲ್ಲ, ಉಪಾಹಾರ). ಅತ್ತೆ ಕಣದಲ್ಲಿದ್ದರು. ಹುರುಳಿ (ಅತ್ತೆಯ ಬಾಯಲ್ಲಿ ಉಳ್ಳಿ) ಗಿಡದ ಮೆದೆ ನನ್ನೆತ್ತರ. ಪಕ್ಕದಲ್ಲಿ ತುದಿ ಬಾಗಿದ ಮರದ ಬಡಿಗೋಲುಗಳು ಮುರಿದು ಬಿದ್ದಿದ್ದವು. ಉಳಿದ ಆರು ಐರನ್ನುಗಳನ್ನು ಬಿಚ್ಚಿಟ್ಟು, ಕೊಯ್ಲಾದ ಗದ್ದೆಯಲ್ಲಿ ಚೆಂಡಿಟ್ಟು ಹೊಡೆದೆ. ಮೊದಲನೆಯದು ಬದುವಿಗೆ ಬಡಿದು ನನ್ನ ಹಿಂದಕ್ಕೇ ಬಂತು. ಎರಡನೆಯದಕ್ಕೆ ಮಣ್ಣು ಹಾರಿತು. ಮೂರನೆಯದಕ್ಕೆ ಗಾಳಿ ಮಾತ್ರ. (ನಟಿಸಬೇಕೆಂದುಕೊಂಡಿದ್ದೆ. ನಟನೆಯ ಅಗತ್ಯವೇ ಬೀಳಲಿಲ್ಲ.)

"ನೋಡಿದ್ರಾ ಅತ್ತೆ, ಪೂರ್ತಿ ಸವೆದೋಗಿದೆ."

"ಕೊಡಿ ಇಲ್ಲಿ ಅದಾ."

ಉಗುರಿನಿಂದ ತಟ್ಟಿದರು. ಕಿವಿಗೆ ಹಿಡಿದರು. ಒಂದಾದಮೇಲೊಂದು ಆರನ್ನೂ ತೂಗಿ, ತುದಿಯ ಬಾಗನ್ನು ಬೆರಳಲ್ಲಿ ಸವರಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, ಬೀಸಿದರು.

ಏನೆಂದು ಹೇಳಲಿ. ತಲೆ ಅಲುಗಲಿಲ್ಲ, ಭುಜ ಬಿಗಿಯಲಿಲ್ಲ. ಟಕ್ಕೆಂದು ಒಂದು ಸದ್ದು, ಅಷ್ಟೇ. ಚೆಂಡು ತೆಂಗಿನ ಮರದ ಸುಳಿಯ ಮೇಲಿಂದ ಸಾಗಿ, ಪಂಪ್‌ಹೌಸು ದಾಟಿ, ನಾಲೆಯಾಚೆ ಪಕ್ಕದವರ ಕಬ್ಬಿನಲ್ಲಿ ಮಾಯವಾಯಿತು. ನಾನು ಹನ್ನೊಂದು ವರ್ಷ ಕೋಚುಗಳ ಕಾಲು ಹಿಡಿದು ಹುಡುಕಿದ ಬೀಸು ನನ್ನ ಅತ್ತೆಯ ತೋಳಿನಲ್ಲಿತ್ತು. ನನ್ನ ಸಂಚು, ಸೆಟ್ಟು ಎಲ್ಲ ಮರೆತು ಕೈ ಮುಗಿದುಬಿಟ್ಟೆ.

"ಇದೇನ್ ಮಾಹಾ?" ಎಂದರು ಅತ್ತೆ. "ಅರ್ವತ್ ವರ್ಸ ಬಡಿಗೋಲ್ ಇಡ್ದಿವ್ನಿ."

ಶ್ವೇತ ವಡೆಯ ಪೊಟ್ಟಣ ಬಿಚ್ಚುತ್ತಾ, "ತೀರ್ಪು ಬಂತಲ್ಲ. ಕಬ್ಬಿಣ ಗಟ್ಟಿಯಾಗೈತೆ. ಇನ್ನು ಸೌಟು ತೊಳ್ದಿಡ್ತೀನಿ" ಎಂದಳು.

ನನ್ನ ವಾದದಲ್ಲಿ ಹುರುಳಿಲ್ಲವೆಂದು ಹುರುಳಿಯ ಮೆದೆಯ ಪಕ್ಕದಲ್ಲೇ ಸಾಬೀತಾಗಿತ್ತು. ಆದರೂ ಶಾಸ್ತ್ರಕ್ಕೆಂದು ಕೇಳಿದೆ: "ಹಾಗಾದ್ರೆ ಹೊಸದು ಬೇಡ ಅಂತೀರಾ, ಅತ್ತೆ?"

"ಬ್ಯಾಡ ಅಂತ ಯಾರಂದ್ರು? ತಗಳಿ."

ಶ್ವೇತಳ ಕೈಯ ವಡೆ ಬಾಯಿಯ ಹತ್ತಿರವೇ ನಿಂತಿತು. ನನ್ನ ಎದೆ ಪಂಪ್‌ಹೌಸು ದಾಟಿತು.

"ನಿಜವಾಗ್ಲೂ ತಗೊಳ್ಲಾ ಅತ್ತೆ?"

"ಊಂ, ಬುದ್ವಾರದೊಳ್ಗೆ ತಂದ್ಬುಡಿ" ಎಂದರು ದೇವಿರಮ್ಮ, ಆರು ಐರನ್ನುಗಳನ್ನೂ ಒಟ್ಟಿಗೆ ಬಾಚಿ ಕಂಕುಳಿಗೆ ಸೇರಿಸಿಕೊಳ್ಳುತ್ತಾ. "ಉಳ್ಳಿ ಬಡಿಯಕ್ಕೆ ಆರ್ ಜನ ಆಳು ಒಪ್ಕಂಡವ್ರೆ, ಬಡಿಗೋಲೇ ಇರ್ನಿಲ್ಲ. ಇವು ಅವ್ರಿಗಾಯ್ತು. ಏಳ್ನೇ ಆಳು ನೀವು, ನಿಮ್ ಕೈಗೂ ಒಂದ್ ಬ್ಯಾಡ್ವಾ?"